ಮನೆಯ ಏಲ್ ಹಂಚಿ ರುಚಿ ನೋಡುವಾಗ

ಮನೆಯಲ್ಲೇ ತಯಾರಿಸಿದ ಏಲ್ (ಒಂದು ಬಗೆಯ ಬಿಯರ್) ಬಾಟಲಿಯನ್ನು ಕನಿಷ್ಠ ಒಂದು ದಿನ ಮೊದಲೇ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಯೀಸ್ಟ್ ತಳಕ್ಕೆ ಇಳಿಯುತ್ತದೆ. ಎಲ್ಲ ಗ್ಲಾಸುಗಳಿಗೂ ಒಂದೇ ಓಟದಲ್ಲಿ ಬಗ್ಗಿಸಿ, ತಳದ ಒಂದೆರಡು ಸೆಂಟಿಮೀಟರ್ ಬಾಟಲಿಯಲ್ಲೇ ಬಿಡಿ. ನಡುನಡುವೆ ಬಾಟಲಿ ನೆಟ್ಟಗೆ ಮಾಡಿದರೆ ಗಷ್ಟು ಕಲಕಿ ಮೇಲೇಳುತ್ತದೆ.

ತಲಾ 60ರಿಂದ 90 ಮಿಲಿಲೀಟರ್ ಸಾಕು. ಪೇಲ್ ಏಲ್ (ತಿಳಿ ಬಣ್ಣದ್ದು) 8–10, ಸ್ಟೌಟ್ (ಕಪ್ಪು ಬಣ್ಣದ್ದು) 10–13 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ತೀರಾ ತಣ್ಣಗಿದ್ದರೆ ಪರಿಮಳವೂ ಅಡಗುತ್ತದೆ, ದೋಷವೂ ಅಡಗುತ್ತದೆ. ಹಗುರವಾದದ್ದು ಮೊದಲು, ಕಹಿ ಮತ್ತು ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಜಾಸ್ತಿಯಿರುವುದು ಕೊನೆಗೆ. ಗ್ಲಾಸಿನಲ್ಲಿ ಸೋಪಿನ ಅಂಶ ಉಳಿದಿದ್ದರೆ ನೊರೆ ನಿಲ್ಲದು.

ಮೊದಲು ಮೂಸಿ, ಆಮೇಲೆ ಗುಟುಕು. ‘ಚೆನ್ನಾಗಿದೆ’ ಎಂದಷ್ಟೇ ಹೇಳಿದರೆ ತಯಾರಿಸಿದವರಿಗೆ ಏನೂ ಸಿಕ್ಕಂತಾಗದು; ಏನು, ಏಕೆ ಎಂದು ಹೇಳಿ. ಬೆಣ್ಣೆಯ ವಾಸನೆ ಬಂದರೆ ಹೆಚ್ಚಾಗಿ ಯೀಸ್ಟ್ ಕೆಲಸ ಮುಗಿಸುವ ಮೊದಲೇ ಅದನ್ನು ಬೇರ್ಪಡಿಸಲಾಗಿದೆ: ಮುಂದಿನ ಸಲ ಹುದುಗು ಮುಗಿಯುತ್ತಾ ಬಂದಾಗ 20 ಡಿಗ್ರಿಯಲ್ಲಿ ಇನ್ನೂ 3 ದಿನ ಬಿಡಲಿ. ಒದ್ದೆ ರಟ್ಟಿನ ವಾಸನೆಗೆ ಆಮ್ಲಜನಕ ಕಾರಣ. ತುಂಬುವಾಗ ಕೊಳವೆ ಬಾಟಲಿಯ ತಳ ಮುಟ್ಟಿರಬೇಕು, ಏಲ್ ಚಿಮ್ಮಬಾರದು.

ಮುಚ್ಚಳ ತೆಗೆದೊಡನೆ ನೊರೆ ಉಕ್ಕಿದರೆ ಬಾಟಲಿಗೆ ತುಂಬುವಾಗ ಗ್ಯಾಸಿಗಾಗಿ ಹಾಕಿದ ಸಕ್ಕರೆ ಹೆಚ್ಚಾಗಿದೆ (ಲೀಟರಿಗೆ 6–7 ಗ್ರಾಂ ಸಾಕು), ಇಲ್ಲವೇ ಹುದುಗು ಮುಗಿದಿರಲಿಲ್ಲ, ಇಲ್ಲವೇ ಸೋಂಕು ತಗುಲಿದೆ. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) 3 ದಿನ ಒಂದೇ ಅಂಕಿ ತೋರಿಸುವವರೆಗೆ ಬಾಟಲಿಗೆ ತುಂಬಲೇಬೇಡಿ; ಒತ್ತಡ ಏರಿದ ಗಾಜು ಸಿಡಿದು ಗಾಯ ಮಾಡೀತು.