ಕೊರಿಯನ್ ಕ್ರಿಯಾಪದ: ಸಂಧಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ

ಕೊರಿಯನ್ ಕಲಿಸುವ ಪುಸ್ತಕಗಳು ಜಾಸ್ತಿ ಇರುವುದು ಇಂಗ್ಲಿಷ್ ಮಾತಾಡುವವರಿಗಾಗಿ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಕಾಲ, ಮರ್ಯಾದೆ ಎಲ್ಲ ಅದಕ್ಕೇ ಅಂಟಿಕೊಳ್ಳುತ್ತವೆ ಎಂದು ಅವು ಪುಟಗಟ್ಟಲೆ ವಿವರಿಸುತ್ತವೆ. ನಮಗೆ ಅದರಲ್ಲೇನು ಹೊಸದು? ಸುಮ್ನೆ ದಾಟಿ ಹೋಗಿ. ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ ಎಂಬ ಗೋಜಲೂ ಅಲ್ಲಿಲ್ಲ. ಯಾರು ಹೋದರೂ ರೂಪ ಒಂದೇ. ಹಿರಿಯರ ವಿಷಯವಾದರೆ ಮಾತ್ರ ನಡುವೆ ಗೌರವದ ‘ಶಿ’ ಸೇರುತ್ತದೆ.

ಓದುವ ಮೊದಲು ಒಂದು ಸೂಚನೆ. ಇಲ್ಲಿ ‘ಓ’ ಎಂದು ಬರೆದದ್ದು ತುಟಿ ದುಂಡಗೆ ಮಾಡಿ ಹೇಳುವ ಸ್ವರ. ‘ಒ’ ಎಂದದ್ದು ಅ ಮತ್ತು ಒ ನಡುವಿನ ದನಿ. ಎರಡೂ ಬೇರೆ ಬೇರೆ.

ಮೊದಲು ಧಾತು ಬಿಡಿಸಿಕೊಳ್ಳಿ. ನಿಘಂಟಿನಲ್ಲಿ ಎಲ್ಲ ಕ್ರಿಯಾಪದಗಳೂ ‘ದಾ’ ಎಂದು ಮುಗಿಯುತ್ತವೆ. ಕೆಲವು ಕಡೆ ಅದು ‘ತಾ’ ಎಂದು ಕೇಳಿಸುತ್ತದೆ, ಅಷ್ಟೆ. ಅದನ್ನು ತೆಗೆದುಬಿಡಿ. ಕಾದಾ (ಹೋಗು) ‘ಕಾ’ ಆಯಿತು. ಮೊಕ್ತಾ (ತಿನ್ನು) ‘ಮೊಕ್’ ಆಯಿತು.

ಈಗ ಧಾತುವಿನ ಕೊನೆಯ ಸ್ವರ ನೋಡಿ. ಅದು ಆ ಅಥವಾ ಓ ಆಗಿದ್ದರೆ ‘ಆ’ ಸೇರಿಸಿ, ಬೇರೆ ಯಾವುದಿದ್ದರೂ ‘ಒ’ ಸೇರಿಸಿ. ಆಮೇಲೆ ಮರ್ಯಾದೆಯ ‘ಯೋ’. 1446ರಲ್ಲಿ ಸೆಜೋಂಗ್ ದೊರೆ ಹೊಸ ಲಿಪಿ ಹೊರಡಿಸಿದಾಗಲೇ ಸ್ವರಗಳ ಈ ಎರಡು ಗುಂಪನ್ನು ಬೇರೆ ಮಾಡಿ ವಿವರಿಸಿದ್ದರು. ಮೊಕ್ + ಒ + ಯೋ ಸೇರಿದರೆ ಮೊಗೊಯೋ. ಕಕಾರ ಗಕಾರವಾಯಿತು, ನಮ್ಮ ವಾಕ್ + ಈಶ ವಾಗೀಶ ಆದಂತೆ.

ಇಂಗ್ಲಿಷ್‌ನಿಂದ ಬಂದವರು ತಡವರಿಸುವುದು ಸ್ವರಕ್ಕೆ ಸ್ವರ ಎದುರಾದಾಗ. ಅವರು ಪಟ್ಟಿ ಮಾಡಿ ಉರು ಹೊಡೆಯುತ್ತಾರೆ. ನಾವು ಹೈಸ್ಕೂಲಿನ ವ್ಯಾಕರಣ ನೆನಪಿಸಿಕೊಂಡರೆ ಸಾಕು. ಕಾ + ಆ ಸೇರಿ ಒಂದೇ ಆ ಉಳಿಯುತ್ತದೆ: ಕಾಯೋ. ಓದಾ (ಬಾ) ಧಾತು ‘ಓ’. ಓ + ಆ ಸೇರಿದರೆ ವಾಯೋ. ಮಾಶಿದಾ (ಕುಡಿ) ಮಾಶ್ಯೊಯೋ ಆಗುತ್ತದೆ. ಸು + ಆಗತ ಸ್ವಾಗತ, ಅತಿ + ಅಂತ ಅತ್ಯಂತ. ಯಣ್ ಸಂಧಿಯ ದಾರಿಯೇ ಅಲ್ವಾ?

ಇಷ್ಟಾದರೆ ಭೂತಕಾಲಕ್ಕೆ ಬೇರೆ ಕಷ್ಟವಿಲ್ಲ. ‘ಯೋ’ ತೆಗೆದು ‘ಸ್ಸೊಯೋ’ ಹಾಕಿ. ಕಾಸ್ಸೊಯೋ, ವಾಸ್ಸೊಯೋ, ಮೊಗೊಸ್ಸೊಯೋ. ‘ಯೋ’ವನ್ನೇ ಬಿಟ್ಟು ಬರೀ ‘ಮೊಗೊ’ ಎಂದರೆ ಏಕವಚನದ ಸಲುಗೆ. ಗೆಳೆಯರ ಹತ್ತಿರ ಸರಿ, ಅಂಗಡಿಯವರ ಹತ್ತಿರ ಬೇಡ. ಸುದ್ದಿ ಓದುವವರ ಬಾಯಲ್ಲಿ ಕೇಳುವ ‘ಮ್ನಿದಾ’ ಇನ್ನೂ ಬಿಗಿಯಾದ ಮರ್ಯಾದೆ. ಅದು ಧಾತುವಿಗೇ ನೇರ ಅಂಟುತ್ತದೆ: ಕಾಮ್ನಿದಾ, ಮೊಕ್ಸುಮ್ನಿದಾ.

ಹಾದಾ (ಮಾಡು) ಎಂಬುದನ್ನು ಬಾಯಿಪಾಠ ಮಾಡಲೇಬೇಕು: ಹೆಯೋ, ಹೆಸ್ಸೊಯೋ. ನಾವು ‘ಶಾಪಿಂಗ್ ಮಾಡು’ ಅನ್ನುವ ಹಾಗೇ ಅವರು ‘ಶೋಪಿಂಗ್‌ಹಾದಾ’ ಅನ್ನುತ್ತಾರೆ. ಇದೊಂದು ಬಂದರೆ ನೂರಾರು ಕ್ರಿಯಾಪದ ಬಂದ ಹಾಗೆ.

ಎಚ್ಚರ ಬೇಕಾದ ಜಾಗವೂ ಇದೆ. ಪಾತ್ತಾ (ಪಡೆ) ಸಾಧು, ನಿಯಮದಂತೆ ಪಾದಾಯೋ ಆಗುತ್ತದೆ. ನೋಡಲು ಅದರಂತೆಯೇ ಇರುವ ತುತ್ತಾ (ಕಿವಿಯಿಂದ ಕೇಳು) ಮಾತ್ರ ತುರೊಯೋ ಎಂದು ಕೈಕೊಡುತ್ತದೆ. ಯಾವುದು ಯಾವ ಬಗೆ ಎಂದು ಧಾತು ನೋಡಿ ಹೇಳಲಾಗದು. ಅದಕ್ಕೇ ಹೊಸ ಕ್ರಿಯಾಪದ ಸಿಕ್ಕಾಗ ನೋಟ್‌ಬುಕ್‌ನಲ್ಲಿ ‘ದಾ’ ರೂಪದ ಪಕ್ಕದಲ್ಲೇ ‘ಯೋ’ ರೂಪವನ್ನೂ ಬರೆದಿಟ್ಟುಕೊಳ್ಳಿ.