ಎದುರಾಳಿ ಕಾಲೇಜಿನ ಫುಟ್‌ಬಾಲ್ ತಂಡವನ್ನು ಅಳೆಯುವುದು ಹೇಗೆ?

ಮೊದಲು ಆ 11 ಜನರಲ್ಲಿ ಕೊನೆಯ ವರ್ಷದವರು ಎಷ್ಟು ಅಂತ ಎಣಿಸಿ. ಗೋಲ್‌ಕೀಪರ್ ಮತ್ತು ಇಬ್ಬರು ಡಿಫೆಂಡರ್‌ಗಳು ಒಟ್ಟಿಗೇ ಡಿಗ್ರಿ ಮುಗಿಸಿ ಹೊರಟರೆ, ಸ್ಟ್ರೈಕರ್ ಎಷ್ಟೇ ಜೋರಿದ್ದರೂ ಮುಂದಿನ ವರ್ಷ ಆ ತಂಡಕ್ಕೆ ಕಷ್ಟವೇ. ಹೊಸಬರು ಒಬ್ಬರಿಗೊಬ್ಬರು ಹೊಂದಿಕೊಳ್ಳಲು ಸಮಯ ಬೇಕು, ಅಲ್ವಾ?

ಆಮೇಲೆ ಸಂಜೆ ನೆಹರೂ ಮೈದಾನಕ್ಕೆ ಹೋಗಿ ಬದಲಿ ಆಟಗಾರರನ್ನು ನೋಡಿ. ನಾನು ಹತ್ತು ವರ್ಷ ಗೋಲ್ ಕಾದವನು, ನನ್ನ ಕಣ್ಣು ಮೊದಲು ಕಾಲಿಗೇ ಹೋಗುತ್ತದೆ. ಕಳೆದ ವಾರ ಮೊದಲ ವರ್ಷದ ಹುಡುಗನೊಬ್ಬ, ಒದ್ದೆ ಮಣ್ಣಿನಲ್ಲಿ ಬೂಟು ಜಾರುತ್ತಿದ್ದರೂ ಎಡಗಾಲಲ್ಲಿ ಚೆಂಡು ನಿಲ್ಲಿಸಿ, ತಲೆ ಎತ್ತಿ ನೋಡಿ ಪಾಸ್ ಕೊಟ್ಟ. ಎದುರಾಳಿ ಹುಡುಗ, ಆದರೂ ನನಗೆ ಖುಷಿಯಾಯಿತು. ಅಂಥವರು ಇಬ್ಬರಿದ್ದರೆ ಆ ತಂಡವನ್ನು ಸದರ ಅಂದುಕೊಳ್ಳಬೇಡಿ.

ಪಿಯುಸಿ ತಂಡದಿಂದ ಯಾರು ಬರುತ್ತಾರೆ ಅಂತಲೂ ವಿಚಾರಿಸಿ. ಮೈದಾನಕ್ಕೆ ಬರುವ ಹಳೆಯ ಆಟಗಾರರಿಗೆ ಗೊತ್ತಿರುತ್ತದೆ.