ಜ್ವರ, ಕಲ್ಚರ್ ಮತ್ತು ನೂರೆಂಟು ಪ್ರಶ್ನೆ: ಸೋಂಕು ರೋಗ ತಜ್ಞನಾಗಿ ನನ್ನ ಅನುಭವ

ಮೆಡಿಕಲ್ ಓದುವ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ. ಸೋಂಕು ರೋಗ ತಜ್ಞ ಆಗಲು ಏನು ಓದಬೇಕು, ಓದಿದ ಮೇಲೆ ಹೊಟ್ಟೆಪಾಡು ಹೇಗೆ. ಓದಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಎಂಬಿಬಿಎಸ್ ಆದ ಮೇಲೆ ಜನರಲ್ ಮೆಡಿಸಿನ್‌ನಲ್ಲಿ ಮೂರು ವರ್ಷ ಎಂಡಿ, ಅದರ ಮೇಲೆ ಇನ್ನೊಂದು ಪ್ರವೇಶ ಪರೀಕ್ಷೆ ಬರೆದು ಸೋಂಕು ರೋಗದಲ್ಲೇ ಮೂರು ವರ್ಷದ ಡಿಎಂ ಅನ್ನುವ ಸೂಪರ್ ಸ್ಪೆಷಾಲಿಟಿ ಓದು. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿ ಇಂಥ ಕೆಲವು ಕಡೆ ಮಾತ್ರ ಸೀಟು ಇದೆ, ಅದೂ ಬೆರಳೆಣಿಕೆಯಷ್ಟು. ಹೊಟ್ಟೆಪಾಡು ನಡೆಯುತ್ತದೆ. ಆದರೆ ಸ್ಟೆಂಟ್ ಹಾಕುವ, ಸ್ಕೋಪಿ ಮಾಡುವ ಗೆಳೆಯರ ಜೊತೆ ಹೋಲಿಸಿಕೊಂಡು ಕೂತರೆ ರಾತ್ರಿ ನಿದ್ದೆ ಬರುವುದಿಲ್ಲ. ನಮ್ಮ ಕೈಯಲ್ಲಿ ಯಾವ ಮೆಷಿನ್ನೂ ಇಲ್ಲ. ಇರುವುದು ಬಾಯಿ, ಕಣ್ಣು, ಆಮೇಲೆ ಲ್ಯಾಬಿನ ಫೋನ್ ನಂಬರ್.

ನಾನು ಇರುವುದು ಕರಾವಳಿಯಲ್ಲಿ. ಕುಂದಾಪುರ, ಬೈಂದೂರು ಕಡೆಯವರು ಬರುತ್ತಾರೆ, ಘಟ್ಟದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿಯವರೂ ಇಳಿದು ಬರುತ್ತಾರೆ. ಬರುವಾಗಲೇ ಎರಡು ಮೂರು ಕಡೆ ತೋರಿಸಿ ಆಗಿರುತ್ತದೆ. ಕೈಯಲ್ಲಿ ದಪ್ಪ ಫೈಲು, ಅದರಲ್ಲಿ ಎಲ್ಲ ಟೆಸ್ಟೂ ಇರುತ್ತದೆ. ಇಲ್ಲದೆ ಇರುವುದು ಒಂದೇ, ರೋಗಿ ಏನು ಕೆಲಸ ಮಾಡುತ್ತಾರೆ ಅನ್ನುವುದು.

ಅಲ್ಲಿಂದಲೇ ನಾನು ಶುರು ಮಾಡುತ್ತೇನೆ. ಗದ್ದೆಗೆ ಇಳಿದಿದ್ದೀರಾ? ಕಾಲಲ್ಲಿ ಬಿರುಕು, ಗಾಯ ಇತ್ತಾ? (ಇಲಿಜ್ವರ ಬರುವುದು ಇಲಿ ಮೂತ್ರ ಸೇರಿದ ನೀರಿನಿಂದ, ಆ ನೀರಿಗೆ ಅಷ್ಟು ಬಿರುಕು ಸಾಕು.) ಕಾಡಿಗೆ ಸೌದೆ, ದರಕು ತರಲು ಹೋಗಿದ್ದೀರಾ? ಊರಲ್ಲಿ ಮಂಗ ಸತ್ತು ಬಿದ್ದಿದೆಯಾ? ಕೊಟ್ಟಿಗೆಯಲ್ಲಿ ದನ ಕಂದು ಹಾಕಿದೆಯಾ, ಹಾಲು ಕಾಯಿಸದೆ ಕುಡಿಯುವ ಅಭ್ಯಾಸ ಇದೆಯಾ? ಈ ಕೊನೆಯದು ದನದಿಂದ ಮನುಷ್ಯರಿಗೆ ದಾಟುವ ಬ್ರುಸೆಲ್ಲಾ ಅನ್ನುವ ಸೋಂಕಿಗೆ. ಕೆಲವರಿಗೆ ಸಿಟ್ಟು ಬರುತ್ತದೆ. "ಜ್ವರ ನಂಗೆ ಡಾಕ್ಟ್ರೇ, ನೀವು ದನದ್ದು ಕೇಳ್ತಿದ್ರಲ್ಲ" ಅಂತ ಒಬ್ಬರು ಮುಖಕ್ಕೆ ಹೇಳಿದ್ದೂ ಉಂಟು.

ಒಮ್ಮೆ ಘಟ್ಟದ ಕಡೆಯ ಒಬ್ಬ ಹೆಂಗಸು ಬಂದರು. ವಾರದಿಂದ ಜ್ವರ, ತಲೆ ಒಡೆದು ಹೋಗುವಷ್ಟು ನೋವು, ಉಸಿರು ಬೇರೆ ಸ್ವಲ್ಪ ಜೋರಾಗಿತ್ತು. ಟೈಫಾಯ್ಡ್‌ಗೆ ಮಾಡುವ ವೈಡಾಲ್ ಅನ್ನುವ ರಕ್ತ ಪರೀಕ್ಷೆ ಪಾಸಿಟಿವ್ ಅಂತ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಇಂಜೆಕ್ಷನ್ ನಡೀತಾ ಇತ್ತು. ಜ್ವರ ಒಂದು ಡಿಗ್ರಿಯೂ ಇಳಿದಿರಲಿಲ್ಲ. ಈ ವೈಡಾಲ್ ಬಗ್ಗೆ ನನಗೆ ಹಳೇ ಜಗಳ ಇದೆ. ಹಿಂದೆ ಯಾವಾಗಲೋ ಬಂದ ಟೈಫಾಯ್ಡ್, ಹಾಕಿಸಿದ ಲಸಿಕೆ, ಬೇರೆ ಯಾವುದೋ ಜ್ವರ, ಏನಿದ್ದರೂ ಅದು ಪಾಸಿಟಿವ್ ಬರಬಹುದು. ಒಂದೇ ಸಲದ ವೈಡಾಲ್ ನೋಡಿ ಟೈಫಾಯ್ಡ್ ಅನ್ನುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಇರಲಿ. ನರ್ಸಿಗೆ ಪರದೆ ಎಳೆಯಲು ಹೇಳಿ, ಅವರನ್ನು ಕೇಳಿಕೊಂಡು, ತಲೆಯಿಂದ ಕಾಲಿನವರೆಗೆ ಚರ್ಮ ನೋಡುತ್ತಾ ಬಂದೆವು. ಕಿವಿ ಹಿಂದೆ, ಕಂಕುಳು, ಎದೆಯ ಕೆಳಗಿನ ಮಡಿಕೆ, ಎಲ್ಲೂ ಇಲ್ಲ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಸೊಂಟದ ಹಿಂಬದಿಗೆ, ಕಂಡಿತು. ಸಿಗರೇಟು ತಾಗಿಸಿ ಸುಟ್ಟ ಹಾಗೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ಮುಟ್ಟಿದರೆ ನೋವಿಲ್ಲ, ತುರಿಕೆಯೂ ಇಲ್ಲ. "ಲಾಡಿ ಉಜ್ಜಿ ಆಗಿದ್ದು ಅಂದ್ಕೊಂಡಿದ್ದೆ" ಅಂದರು.

ಅದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಒಂದು ನುಸಿಯ ಮರಿ, ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಅದು ಕಚ್ಚಿದ ಜಾಗದಲ್ಲಿ ಈ ಕಲೆ ಆಗುತ್ತದೆ. ಇದರ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಹೋಗಿ ಕೂರುತ್ತದೆ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುವುದಿಲ್ಲ. ಬೇಕಾಗಿದ್ದು ಡಾಕ್ಸಿಸೈಕ್ಲಿನ್, ಕೆಲವೇ ರೂಪಾಯಿಯ ಹಳೇ ಔಷಧಿ. ರೋಗ ಜೋರಾಗಿದ್ದರೆ ಅದರ ಜೊತೆ ಅಜಿತ್ರೋಮೈಸಿನ್ ಕೂಡ ರಕ್ತನಾಳಕ್ಕೆ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಒಳ್ಳೆಯದು ಅಂತ 2023ರಲ್ಲಿ ವೆಲ್ಲೂರಿನವರು ಮುಂದೆ ನಿಂತು ಮಾಡಿದ ಅಧ್ಯಯನ ತೋರಿಸಿತು. ಆ ಹೆಂಗಸಿಗೂ ಎರಡೂ ಕೊಟ್ಟೆವು. ಎರಡು ದಿನದಲ್ಲಿ ಜ್ವರ ಬಿಟ್ಟಿತು, ಗಂಜಿ ಕೇಳಿದರು. ಕಲೆ ಎಲ್ಲರಲ್ಲೂ ಇರುವುದಿಲ್ಲ, ಆದರೆ ಹುಡುಕದೆ ಇಲ್ಲ ಅನ್ನುವ ಹಾಗಿಲ್ಲ.

ಮಳೆಗಾಲದಲ್ಲಿ ನನ್ನ ತಲೆಯಲ್ಲಿ ಓಡುವುದು ಇನ್ನೊಂದು ಕಾಯಿಲೆ, ಮೆಲಿಯಾಯ್ಡೋಸಿಸ್. ಹೆಸರು ಕೇಳಿದವರು ಕಡಿಮೆ. ಇದರ ಬ್ಯಾಕ್ಟೀರಿಯಾ ಮಣ್ಣು, ಕೆಸರಲ್ಲಿ ಇರುತ್ತದೆ, ಸಕ್ಕರೆ ಕಾಯಿಲೆ ಇರುವವರನ್ನು ಜಾಸ್ತಿ ಹಿಡಿಯುತ್ತದೆ. ಶ್ವಾಸಕೋಶದಲ್ಲಿ ಕಲೆ, ತೂಕ ಇಳಿಯುವುದು, ಬಿಡದ ಜ್ವರ ಅಂದರೆ ನೋಡಿದವರು ಟಿಬಿ ಅನ್ನುವುದು ಸಹಜ. ಟಿಬಿ ಮಾತ್ರೆ ನುಂಗುತ್ತಲೇ ಸೊರಗಿ ಬಂದವರನ್ನು ನೋಡಿದ್ದೇನೆ. ಇನ್ನು ಕೆಲವರಿಗೆ ಲಿವರ್, ಸ್ಪ್ಲೀನಿನಲ್ಲಿ ಕೀವು. ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರೂ ಈ ಬ್ಯಾಕ್ಟೀರಿಯಾದ ಪರಿಚಯ ಇಲ್ಲದ ಲ್ಯಾಬಿನಲ್ಲಿ "ಸ್ಯೂಡೋಮೊನಾಸ್ ಜಾತಿ" ಅಂತಲೋ, ಹೊರಗಿನಿಂದ ಸೇರಿದ ಕೊಳೆ ಅಂತಲೋ ಬರೆದುಬಿಡುತ್ತಾರೆ. ನಾನು ನೋಡುವುದು ರಿಪೋರ್ಟಿನ ಕೆಳಗಿನ ಪಟ್ಟಿ, ಯಾವ ಆಂಟಿಬಯಾಟಿಕ್‌ಗೆ ಸಾಯುತ್ತದೆ, ಯಾವುದಕ್ಕೆ ಇಲ್ಲ ಅನ್ನುವುದು. ಜೆಂಟಾಮೈಸಿನ್, ಕೊಲಿಸ್ಟಿನ್ ಎರಡಕ್ಕೂ ಜಗ್ಗಿಲ್ಲ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಸಾಯುತ್ತದೆ ಅಂತಿದ್ದರೆ ಮೆಲಿಯಾಯ್ಡೋಸಿಸ್ ಅನುಮಾನ ಬಂದು ತಕ್ಷಣ ಲ್ಯಾಬಿಗೆ ಹೋಗುತ್ತೇನೆ. ಮೈಕ್ರೋಸ್ಕೋಪಿನಲ್ಲಿ ಎರಡು ತುದಿ ಬಣ್ಣ ಹಿಡಿದು ನಡು ಖಾಲಿ, ಥೇಟ್ ಸೇಫ್ಟಿ ಪಿನ್. ಅದನ್ನು ಕಂಡರೆ ನನಗೂ ಟೆಕ್ನಿಷಿಯನ್ನಿಗೂ ಆಗುವ ಖುಷಿಯನ್ನು ರೋಗಿಯ ಮನೆಯವರು ನೋಡದಿದ್ದರೆ ಒಳ್ಳೆಯದು.

ಖುಷಿ ಅಲ್ಲಿಗೇ ಮುಗಿಯುತ್ತದೆ. ಕಡಿಮೆ ಅಂದರೂ ಎರಡು ವಾರ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ರಕ್ತನಾಳಕ್ಕೆ, ಆಮೇಲೆ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಜ್ವರ ಬಿಟ್ಟ ಮನುಷ್ಯನಿಗೆ ಮೂರು ತಿಂಗಳು ಮಾತ್ರೆ ನುಂಗಿಸುವುದಿದೆಯಲ್ಲ, ಅದು ಕಾಯಿಲೆ ಕಂಡುಹಿಡಿಯುವುದಕ್ಕಿಂತ ಕಷ್ಟ. ಬಿಟ್ಟರೆ ಕಾಯಿಲೆ ಮರಳಿ ಬರುತ್ತದೆ. ಹಾಗಾಗಿ ನಾನು ರೋಗಿಯ ಹತ್ತಿರ ಅರ್ಧ ಮಾತಾಡಿ, ಉಳಿದರ್ಧ ಹೆಂಡತಿಯ ಹತ್ತಿರವೋ ಮಗಳ ಹತ್ತಿರವೋ ಮಾತಾಡುತ್ತೇನೆ.

ಮಂಗನ ಕಾಯಿಲೆ ವಿಷಯದಲ್ಲಿ ಕೈ ಕಟ್ಟಿಹಾಕಿದ ಹಾಗಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ವೈರಸ್. ಉಣುಗು ಕಚ್ಚಿ ಬರುತ್ತದೆ, ಡಿಸೆಂಬರಿನಿಂದ ಮೇವರೆಗೆ ಕಾಟ ಜಾಸ್ತಿ. ಅದನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ನೀರಿನಂಶ, ಪ್ಲೇಟ್‌ಲೆಟ್, ರಕ್ತಸ್ರಾವ ನೋಡಿಕೊಳ್ಳುವುದು, ಇಷ್ಟೇ. ಜ್ವರ ಬಿಟ್ಟು ಮನೆಗೆ ಹೋದ ಕೆಲವರಿಗೆ ಒಂದೆರಡು ವಾರ ಕಳೆದು ಇನ್ನೊಂದು ಸುತ್ತು ಬರುತ್ತದೆ, ಆಗ ತಲೆನೋವು, ಗೊಂದಲ. ಇದನ್ನು ಡಿಸ್ಚಾರ್ಜ್ ದಿನವೇ ಹೇಳಿ ಕಳಿಸುತ್ತೇನೆ. 2019ರಲ್ಲಿ ಸಾಗರದ ಅರಳಗೋಡು ಕಡೆ ಜೋರಾದಾಗ ಎಲ್ಲರ ಕಣ್ಣೂ ಅಲ್ಲಿತ್ತು. ಆಮೇಲೆ ಮರೆತರು. ಕಾಡಂಚಿನವರಿಗೆ ಮರೆಯಲು ಆಗುವುದಿಲ್ಲ, ಅವರು ಪ್ರತಿ ವರ್ಷ ಮೈಗೆ ಉಣುಗು ಹತ್ತಿರ ಬಾರದ ಹಾಗೆ ಡೇಪಾ ಎಣ್ಣೆ ಸವರಿಕೊಂಡೇ ತೋಟಕ್ಕೆ ಹೋಗಬೇಕು.

ಇನ್ನು ಆಸ್ಪತ್ರೆಯ ಒಳಗಿನ ಕೆಲಸ. ನನ್ನ ಸಂಬಳದ ಅರ್ಧ ಔಷಧಿ ನಿಲ್ಲಿಸುವುದಕ್ಕೆ ಅಂದರೆ ತಪ್ಪಿಲ್ಲ. ಐಸಿಯು ಚಾರ್ಟಿನಲ್ಲಿ ಮೆರೊಪೆನೆಮ್, ಕೊಲಿಸ್ಟಿನ್, ಟೈಕೋಪ್ಲಾನಿನ್, ಮೇಲೊಂದು ಫಂಗಸ್ ಔಷಧಿ, ಎಲ್ಲ ಸಾಲಾಗಿ ಇರುತ್ತವೆ. ಯಾಕೆ ಅಂದರೆ "ಇರಲಿ ಸರ್, ಸೇಫ್ಟಿಗೆ". ಅಜ್ಜಿಗೆ ಜ್ವರ ಇಲ್ಲ, ಉರಿ ಇಲ್ಲ, ಮೂತ್ರಕ್ಕೆ ಹಾಕಿದ ಪೈಪು (ಕ್ಯಾತಿಟರ್) ಇದೆ, ಸುಮ್ನೆ ಮೂತ್ರ ಕಲ್ಚರ್ ಕಳಿಸಿದ್ದಾರೆ, ಏನೋ ಬೆಳೆದಿದೆ, ಅದಕ್ಕೊಂದು ಇಂಜೆಕ್ಷನ್. ಅಲ್ಲಿ ಇರುವುದು ಪೈಪಿನ ಬ್ಯಾಕ್ಟೀರಿಯಾ, ಅಜ್ಜಿಯ ಕಾಯಿಲೆ ಅಲ್ಲ ಅಂತ ಹೇಳಬೇಕು. ಹೇಗೆ ಹೇಳುತ್ತೇನೆ ಅನ್ನುವುದೇ ಮುಖ್ಯ. ಫೈಲಿನಲ್ಲಿ "ನಿಲ್ಲಿಸಿ" ಅಂತ ಬರೆದು ಹೋದರೆ ಸರ್ಜನ್‌ಗೆ ಅವಮಾನ, ಮರುದಿನ ನನ್ನನ್ನು ಕರೆಯುವುದಿಲ್ಲ. ಮೊದಲು ಕ್ಯಾಂಟೀನಿನಲ್ಲೋ ಲಿಫ್ಟಿನ ಹತ್ತಿರವೋ ಸಿಕ್ಕಾಗ ಮಾತಾಡುತ್ತೇನೆ, ಫೈಲಿನಲ್ಲಿ ಬರೆಯುವುದು ಆಮೇಲೆ. ಕೆಲವೊಮ್ಮೆ ಉಲ್ಟಾ ನಾನೇ ಸರ್ಜನ್ ಬೆನ್ನು ಹತ್ತುತ್ತೇನೆ. ಒಳಗೆ ಕೀವು ತುಂಬಿದ್ದರೆ ಎಷ್ಟು ದುಬಾರಿ ಆಂಟಿಬಯಾಟಿಕ್ ಕೊಟ್ಟರೂ ಅಷ್ಟಕ್ಕಷ್ಟೇ, ಹೊರಗೆ ತೆಗೆಯಲೇಬೇಕು.

ಆಂಟಿಬಯಾಟಿಕ್ ಶುರು ಮಾಡುವ ಮೊದಲು ರಕ್ತದ ಕಲ್ಚರ್, ಎರಡು ಬೇರೆ ಜಾಗದಿಂದ, ಬಾಟಲಿಗೆ ಎಂಟರಿಂದ ಹತ್ತು ಎಂಎಲ್. "ಇಷ್ಟೊಂದು ರಕ್ತ ಯಾಕೆ" ಅಂತ ಮನೆಯವರು ನರ್ಸಿಗೆ ಬೈಯುತ್ತಾರೆ. ರಕ್ತ ಕಡಿಮೆ ಹಾಕಿದರೆ ಇರುವ ರೋಗಾಣುವೂ ಸಿಗುವುದಿಲ್ಲ, ಅದಕ್ಕೆ. ಪಾಪ, ಆ ನರ್ಸುಗಳಿಗೆ ನನ್ನಿಂದಲೂ ಬೈಗುಳ ಸಿಗುತ್ತದೆ.

ಈ ದಾರಿ ಹಿಡಿಯುವವರಿಗೆ ಒಂದು ಮಾತು, ಬೆಳಗ್ಗೆ ವಾರ್ಡಿಗೆ ಹೋಗುವ ಮೊದಲು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಒಂದರ್ಧ ಗಂಟೆ ಕೂರಿ, ರೋಗಾಣು ಬೆಳೆಸುವ ಪ್ಲೇಟುಗಳನ್ನು ಕಣ್ಣಾರೆ ನೋಡಿ. ರೋಗಿಗಳಾಗಿ ಬರುವವರಿಗೆ ಇನ್ನೊಂದು. ಹಳೇ ಮಾತ್ರೆಯ ಸ್ಟ್ರಿಪ್ ಖಾಲಿಯಾಗಿದ್ದರೂ ಬಿಸಾಡಬೇಡಿ, ಹಾಗೇ ಕವರಿನಲ್ಲಿ ಹಾಕಿ ತನ್ನಿ. "ಬಿಳೀ ಮಾತ್ರೆ, ಸ್ವಲ್ಪ ಉದ್ದಕ್ಕಿತ್ತು" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ.